ಅವಳ ಊಟ

ಇನ್ನು ಮುಂದೆ ಫೋನು ಬದಿಗಿಟ್ಟು ಹೆಂಡತಿಯ ಜೊತೆಗೇ ಕೂತು ಉಣ್ಣಬೇಕೆಂದು ಅವನು ದೀಪಾವಳಿಯ ದಿನ ತೀರ್ಮಾನಿಸಿದ. ಇಷ್ಟು ವರ್ಷ ಅವಳು ಬಡಿಸಿದ್ದನ್ನು ಉಂಡು ಎದ್ದಿದ್ದನೇ ಹೊರತು, ಅವಳು ಉಣ್ಣುವುದನ್ನು ಕಂಡವನಲ್ಲ. ಅವಳ ಊಟ ಕೊನೆಗೆ, ಅಡುಗೆಮನೆಯಲ್ಲಿ, ಒಬ್ಬಳೇ.

"ನೀವು ಮುಗಿಸಿ, ನಂದು ಆಮೇಲೆ," ಎಂದಳು.

"ಆಮೇಲೆ ಗೀಮೇಲೆ ಏನಿಲ್ಲ, ಕೂತ್ಕೋ." ತಾನೇ ಎಲೆ ಹಾಕಿ ಅವಳಿಗೆ ಹೋಳಿಗೆ ಬಡಿಸಿದ.

ಅವಳು ಒಂದು ಚೂರು ಮುರಿದು ಬಾಯಿಗಿಟ್ಟಳು. ನುಂಗಲಾಗದೆ ಕೆಮ್ಮಿದಳು, ಕಣ್ಣಲ್ಲಿ ನೀರು ಬಂತು. ಸೆರಗಿಗೆ ಉಗುಳಿ ಬಾಯಿ ಒರೆಸಿಕೊಂಡಳು.

"ಗಂಟಲಲ್ಲಿ ಏನೋ ಗಂಟಾಗಿದೆ ಕಣ್ರೀ. ಗಂಜಿ ಬಿಟ್ರೆ ಏನೂ ಇಳಿಯಲ್ಲ."

"ಯಾವಾಗಿಂದ?"

ಅವಳು ಅವನ ಹೋಳಿಗೆಗೆ ತುಪ್ಪ ಹಾಕುತ್ತಾ ಹೇಳಿದಳು:

"ಯುಗಾದಿಯಿಂದ."