ಹೆಸರು ಹಿಡಿದು ಕರೆದಾಗ

"ಪಿಳ್ಳಪ್ಪಾ" ಎಂದು ಸ್ನೇಹಾ ಮೂರನೆಯ ಸಲ ಕರೆದಳು. ಒಂದೂವರೆ ವರ್ಷದ ಮಗು ನೆಲದ ಮೇಲೆ ಕುಳಿತು ಸ್ಟೀಲ್ ಡಬ್ಬಿಯ ಮುಚ್ಚಳ ಹಾಕುವುದು, ತೆಗೆಯುವುದು ಮಾಡುತ್ತಲೇ ಇತ್ತು. ಕತ್ತು ಕೂಡ ಕೊಂಕಿಸಲಿಲ್ಲ. ಸ್ನೇಹಾ ತನ್ನ ಹಾಳೆಯ ಏಳನೆಯ ಪ್ರಶ್ನೆಯ ಮೇಲೆ ಪೆನ್ನಿಟ್ಟಳು: 'ಹೆಸರು ಹಿಡಿದು ಕರೆದಾಗ ಮಗು ತಿರುಗಿ ನೋಡುತ್ತದೆಯೇ?' ನೋಡಿದರೆ ಒಂದು, ಇಲ್ಲದಿದ್ದರೆ ಸೊನ್ನೆ.

"ಸೊನ್ನೆ ಹಾಕ್ತೀರಾ ಮೇಡಂ?" ಎಂದು ಕೇಳಿದವಳು ಮಗುವಿನ ತಾಯಿ, ಇಂದು ಎಂಬವಳು. ಮಗು ಇನ್ನೂ ಮಾತಾಡುತ್ತಿಲ್ಲವಲ್ಲ ಎಂದು ಅಕ್ಕಪಕ್ಕದವರು ಒಂದು ತಿಂಗಳಿಂದ ಅವಳ ತಲೆ ತಿನ್ನುತ್ತಿದ್ದರು.

ಸ್ನೇಹಾ ಗದಗದ ಕಡೆಯ ಹುಡುಗಿ, ಎಂ.ಎ. ಮನಃಶಾಸ್ತ್ರದ ವಿದ್ಯಾರ್ಥಿನಿ. ಮಕ್ಕಳ ಬೆಳವಣಿಗೆಯ ಬಗ್ಗೆ ಪ್ರಬಂಧ ಬರೆಯಲು ಪುಟ್ಟೇನಹಳ್ಳಿಯಲ್ಲಿ ನಲವತ್ತು ಮಕ್ಕಳನ್ನು ಆರಿಸಿಕೊಂಡಿದ್ದಳು. ಎಲ್ಲರಿಗೂ ಅದೇ ಪ್ರಶ್ನೆ, ಅದೇ ದನಿ, ಅದೇ ದೂರ. ಒಂದು ಮಗುವಿಗೊಂದು ರೀತಿ ಮಾಡಿದರೆ ಅದು ಸಂಶೋಧನೆಯಲ್ಲ, ಹರಟೆ ಎಂದು ಅವಳ ಗೈಡ್ ಹೇಳಿ ಕಳಿಸಿದ್ದರು. ಏಳನೆಯ ಪ್ರಶ್ನೆಗೆ ಸೊನ್ನೆ ಬಂದರೆ, ಕಿವಿಯನ್ನೂ ಬೆಳವಣಿಗೆಯನ್ನೂ ಪರೀಕ್ಷೆ ಮಾಡಿಸಿ ಎಂದು ಡಾಕ್ಟರಿಗೆ ಬರೆದ ಚೀಟಿಯನ್ನು ಮನೆಯವರ ಕೈಗೆ ಕೊಡಬೇಕು. ಮೂವತ್ತೊಂಬತ್ತು ಮನೆಗಳಲ್ಲಿ ಆ ಚೀಟಿ ಬ್ಯಾಗಿನಿಂದ ಹೊರಗೆ ಬಂದಿರಲಿಲ್ಲ. ಇದೇ ಕೊನೆಯ ಮನೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ಗಂಗರತ್ನಮ್ಮ ಗದರಿದರು. "ಆ ಎಸ್ರು ಮಗೀಗೆ ಎಂಗಮ್ಮ ಗೊತ್ತಾಯ್ತದೆ? ಈ ಮನೇಲಿ ಯಾರೂ ಅಂಗೆ ಕರ್ದೇ ಇಲ್ಲ."

"ಯಾಕ್ರಿ ಅಜ್ಜಿ?"

"ಅದು ನಮ್ಮನೆಯವ್ರ ಎಸ್ರು ಕಣವ್ವ."

ಆದದ್ದಿಷ್ಟು. ಮೊಮ್ಮಗನಿಗೆ ತನ್ನದೇ ಹೆಸರಿಡಬೇಕು, ಅದನ್ನು ತಾನು ಬದುಕಿರುವಾಗಲೇ ಕಿವಿಯಾರೆ ಕೇಳಬೇಕು ಎಂದು ಅಜ್ಜ ಪಿಳ್ಳಪ್ಪನವರು ಪಟ್ಟು ಹಿಡಿದರು. ನಾಲ್ಕು ಅಂತಸ್ತಿನ ಕಟ್ಟಡದ ಒಡೆಯನ ಮಾತು. ಮಗ, ಸೊಸೆ ತುಟಿ ಪಿಟಕ್ಕೆನ್ನಲಿಲ್ಲ. ಹೆಸರೇನೋ ಇಟ್ಟರು, ಕರೆಯುವವರು ಯಾರು? ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಸವೆಯುತ್ತದೆಂದು ನಂಬಿದ ಗಂಗರತ್ನಮ್ಮ ನಲವತ್ತಾರು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಉಚ್ಚರಿಸಿದವರಲ್ಲ. ರೇಷನ್ ಅಂಗಡಿಯಲ್ಲೂ ಹಿಂದೆ ನಿಂತವರ ಬಾಯಲ್ಲೇ ಹೇಳಿಸುತ್ತಿದ್ದರು. ಮಾವನ ಹೆಸರಿಗೆ 'ಬಾರೋ, ಹೋಗೋ' ಸೇರಿಸಲು ಇಂದುವಿಗೆ ನಾಲಿಗೆ ಏಳದು. ಮಗ ನಿರಂಜನ್‌ಗೂ ಅಷ್ಟೇ. ತನ್ನನ್ನು ತಾನೇ ಕರೆದುಕೊಂಡ ಹಾಗಾಗುತ್ತದೆಂದು ಅಜ್ಜನೂ ಕರೆಯರು. ಬೀದಿಯೆಲ್ಲ ದಿನಕ್ಕೆ ನೂರು ಸಲ 'ಪಿಳ್ಳಪ್ಪನ ಬಿಲ್ಡಿಂಗ್' ಅನ್ನುತ್ತದೆ. ಆ ಬಿಲ್ಡಿಂಗಿನ ಒಳಗೆ ಮಾತ್ರ ಆ ಹೆಸರಿಗೆ ಪ್ರವೇಶವಿಲ್ಲ. ಇಂಥದ್ದೊಂದು ಎಡವಟ್ಟನ್ನು ಪ್ರಶ್ನಾವಳಿ ಬರೆದ ಪಂಡಿತರು ಕನಸಿನಲ್ಲೂ ನೆನೆಸಿರಲಾರರು.

"ಮನ್ಯಾಗ ಏನಂತ ಕರೀತೀರಿ?"

"ಗುಂಡಣ್ಣಾ" ಎಂದಳು ಇಂದು. ಮಗು ಡಬ್ಬಿ ಬಿಟ್ಟು ತಟ್ಟನೆ ತಿರುಗಿ ನಕ್ಕಿತು. "ನೋಡಿದ್ರಾ ಮೇಡಂ? ಕಿವಿ ಚೆನ್ನಾಗೇ ಕೇಳ್ಸುತ್ತೆ. ಒಂದು ಹಾಕ್ಬಿಡಿ, ಪ್ಲೀಸ್."

"ಹಂಗ ಹಾಕಾಕ ಬರಂಗಿಲ್ರಿ. ಉಳಿದ ಮಕ್ಕಳನ್ನೆಲ್ಲ ಫಾರ್ಮಿನ್ಯಾಗಿನ ಹೆಸರಿಂದನ ಕರದೀನಿ." ಹೀಗೆ ಹೇಳುವಾಗ ಸ್ನೇಹಾಳಿಗೆ ತನ್ನ ಮೇಲೆಯೇ ಬೇಸರವಾಯಿತು. "ಒಂದ ದಾರಿ ಐತಿ. ಮನಿಯವರು ಒಮ್ಮೆ ಕರೀಬಹುದು. ಆದ್ರ ಇದ ಹೆಸರು."

ಇಂದು ಬಾಯಿ ತೆರೆದಳು. ಹೊರಗೆ ವರಾಂಡದಲ್ಲಿ ಪೇಪರ್ ಓದುತ್ತ ಕುಳಿತಿದ್ದ ಮಾವನ ಬೆನ್ನು ಕಂಡು ಮುಚ್ಚಿಕೊಂಡಳು. ಕಣ್ಣು ತುಂಬಿ ಬಂತು.

"ನನ್ ಮಗೀಗೆ ಸೊನ್ನೆನಾ?" ಎಂದರು ಗಂಗರತ್ನಮ್ಮ. "ನಾನ್ ಕೂಗಿದ್ರೆ ತಿರುಗ್ದೆ ಏನ್ ಮಾಡ್ತಾನೆ?" ಮುಂದೆ ಬಂದು, ಒದ್ದೆ ಕೈ ಒರೆಸಿಕೊಂಡು, ತಾಳಿಯನ್ನು ಕಣ್ಣಿಗೊತ್ತಿಕೊಂಡರು. ಆಮೇಲೆ ಕರೆದೇಬಿಟ್ಟರು.

"ಪಿಳ್ಳಪ್ಪಾ..."

ಅದು ಮಗು ದಿನವೂ ಕೇಳುವ ಅಜ್ಜಿಯ ದನಿಯೇ ಆಗಿರಲಿಲ್ಲ. ಹದಿನೆಂಟರ ಹುಡುಗಿಯೊಬ್ಬಳು ಹೆದರಿ ಹೆದರಿ ಕರೆದ ಹಾಗಿತ್ತು. ಮಗು ಮುಚ್ಚಳ ಹಾಕಿತು, ಮತ್ತೆ ತೆಗೆಯಿತು.

ಇಂದು ಪೆನ್ನನ್ನೇ ನೋಡುತ್ತಿದ್ದಳು. ಸ್ನೇಹಾ ಸೊನ್ನೆಯನ್ನೂ ಹಾಕಲಿಲ್ಲ, ಒಂದನ್ನೂ ಹಾಕಲಿಲ್ಲ. ಏಳನೆಯ ಪ್ರಶ್ನೆಯ ಮೇಲೆಯೇ ಅಡ್ಡಗೆರೆ ಎಳೆದಳು. "ಅವನಿಗೆ ಗೊತ್ತಿಲ್ಲದ ಹೆಸರಿಂದ ಕರದು, ತಿರುಗಲಿಲ್ಲ ಅಂತ ಬರದ್ರ ತಪ್ಪು ನಂದಾಗತೈತ್ರಿ. ಚೀಟಿ ಬ್ಯಾಡ. ನಮ್ಮ ಗೈಡ್ ಸರ್‌ಗೆ ನಾನ ಹೇಳತೀನಿ." ಸರ್ ಏನು ಹೇಳುವರೋ ಅವಳಿಗೂ ಗೊತ್ತಿರಲಿಲ್ಲ. ಇಂದು ಮಾತ್ರ ಗೋಡೆಗೊರಗಿ ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಬಾಗಿಲಲ್ಲಿ ಪಿಳ್ಳಪ್ಪನವರು ನಿಂತಿದ್ದರು. ಪೇಪರ್ ಕೈಯಲ್ಲಿರಲಿಲ್ಲ.

"ಕೂಗಿದ್ಯಾ?" ಎಂದರು ಹೆಂಡತಿಯನ್ನು ನೋಡಿ.

ಗಂಗರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ನಿಮ್ಮನ್ನಲ್ಲ. ಮಗೀನ."

ಪಿಳ್ಳಪ್ಪನವರು ಒಳಗೆ ಬಂದು, ಮೊಣಕಾಲು ಹಿಡಿದುಕೊಂಡು, ಮೊಮ್ಮಗನ ಪಕ್ಕದಲ್ಲಿ ಬರಿನೆಲದ ಮೇಲೆ ಹೆಂಡತಿಗೆ ಬೆನ್ನು ಮಾಡಿ ಕುಳಿತರು.

"ಅವ್ನಿಗೆ ಕೇಳಿಸ್ಲಿಲ್ಲ ಕಣಮ್ಮಿ" ಎಂದರು. "ಇನ್ನೊಂದ್ಸಲ ಕರಿ."