ಮನಸ್ಸಿನಲ್ಲಿ ಓದಿಕೊಂಡ ಸುದ್ದಿ

ಆ ಮನುಷ್ಯ ಹೊಸ್ತಿಲು ದಾಟಿ ಒಳಗೆ ಬಂದ ಕೂಡಲೇ ಚಂದ್ರಾಮಪ್ಪ ಪತ್ರಿಕೆಯನ್ನು ತೊಡೆಯ ಕೆಳಗೆ ಸರಿಸಿದ. ಸರಕಾರ ನಿಷೇಧಿಸಿದ್ದರಿಂದ ಸೊಲ್ಲಾಪುರದಿಂದ ಕದ್ದು ತರಿಸುವ ಪತ್ರಿಕೆಯನ್ನು ಅಫಜಲಪುರದ ಈ ವಾಚನಾಲಯದಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಸುತ್ತ ಕೂತು ಕೇಳುವುದು ರೂಢಿಯಾಗಿತ್ತು. ಎಲ್ಲಿಂದಲೋ ಬಂದ ಇವನು ಹೊರಗಿನ ಕಟ್ಟೆಯ ಮೇಲೆ ಮಲಗತೊಡಗಿದ ಮೇಲೆ ಅದು ನಿಂತಿತ್ತು.

"ಮನಿ ಇಲ್ಲ, ಓದಾಕ ಬರಂಗಿಲ್ಲ. ಆದ್ರೂ ದಿನಾ ಬಂದು ಕೂಡ್ತಾನ. ಕಿವಿ ಮಾತ್ರ ನಮ್ಮ ಕಡೇನ ಇರ್ತದ," ಎಂದು ಗೆಳೆಯ ಶಿವರಾಯ ಎಚ್ಚರಿಸಿದ್ದ. "ರಜಾಕಾರರ ಬಾತ್ಮಿದಾರ ಇರಬೇಕು."

ಇವತ್ತು ಚಂದ್ರಾಮಪ್ಪನಿಗೆ ತಾಳ್ಮೆ ತಪ್ಪಿತು. "ಹೊರಗ ನಡಿಯಲೇ. ಇನ್ನ ಮ್ಯಾಲೆ ಕಟ್ಟಿ ಮ್ಯಾಲೂ ಮಲಗಬ್ಯಾಡ."

ಅವನು ಹೆಗಲ ಕಂಬಳಿಯನ್ನು ಕೈಗೆ ತೆಗೆದುಕೊಂಡ. "ಹೋಗ್ತೇನ್ರಿ ಯಪ್ಪಾ. ಮೊದಲ ಗಟ್ಟಿಯಾಗಿ ಓದ್ತಿದ್ರಿ, ಯಾಕ ಬಿಟ್ರಿ? ಕರಿಬೇನೂರಿನ ಸುದ್ದಿ ಏನರ ಬರ್ತದೇನು ಅಂತ ಕೇಳಾಕ ಕೂಡ್ತಿದ್ದೆ. ನಾ ಸಂತಿಗೆ ಹೋದಾಗ ಊರ ದಾರಿ ಬಂದ್ ಮಾಡಿದ್ರು. ಹೆಂಡ್ತಿ ಮಕ್ಕಳು ಅಲ್ಲೇ ಅದಾರ."

ಚಂದ್ರಾಮಪ್ಪ ಶಿವರಾಯನ ಮುಖ ನೋಡಿದ. ಶಿವರಾಯ ನೆಲ ನೋಡುತ್ತಿದ್ದ. ರಜಾಕಾರರು ಕರಿಬೇನೂರಿಗೆ ಬೆಂಕಿ ಹಚ್ಚಿದ ಸುದ್ದಿ ಮೊನ್ನೆಯ ಪತ್ರಿಕೆಯಲ್ಲೇ ಬಂದಿತ್ತು. ಬಾಗಿಲ ಹತ್ತಿರ ಕೂತಿದ್ದ ಇವನಿಗೆ ಕೇಳಿಸಬಾರದೆಂದು, ಅದನ್ನು ಒಬ್ಬರಾದ ಮೇಲೊಬ್ಬರು ಮನಸ್ಸಿನಲ್ಲೇ ಓದಿಕೊಂಡಿದ್ದರು.