ಹೋಗುವ ಊರು

ಈ ಹೋಟೆಲಿನ ಕತೆ ಹೇಳುವಷ್ಟು ತಿಳಿದವನು ನಾನಲ್ಲ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಹೋಟೆಲಿಗೆ ನೂರು ವರ್ಷ ತುಂಬಿದ ವಾರ, ಹಿಂದೆ ತಂಗಿದ್ದವರ ರಿಜಿಸ್ಟರನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದರು. ಅದನ್ನು ನೋಡಲೆಂದೇ ಎಪ್ಪತ್ತು ದಾಟಿದ ಹೆಂಗಸೊಬ್ಬರು ಬಸ್ಸಿಳಿದು ಬಂದರು. ಗುಮಾಸ್ತ ಸೂರಪ್ಪ ಪೆಟ್ಟಿಗೆ ತೆರೆದುಕೊಟ್ಟ.

“ನಮ್ಮಪ್ಪ ನಾಟಕ ಕಂಪನೀಲಿ ಹಾರ್ಮೋನಿಯಂ ನುಡಿಸ್ತಿದ್ರು. ಕಂಪನಿ ಮುಚ್ಚಿದಾಗ ಇಲ್ಲೇ ತಂಗಿದ್ರಂತೆ. ಇಲ್ಲಿಂದ ಹೊರಟೋರು ಮನೆಗೆ ಬರ್ಲೇ ಇಲ್ಲ. ಹೆಂಡ್ತಿ ಮಕ್ಕಳನ್ನ ಬಿಟ್ಟು ಓಡಿಹೋದ ಅಂತ ಊರೆಲ್ಲ ಆಡ್ಕೊಳ್ತು. ಅಮ್ಮ ಅದನ್ನೇ ನಂಬ್ಕೊಂಡು ಸತ್ಲು.”

ಅವರು ಪುಟ ತಿರುವಿ ಮೂಗರಳಿಸಿದರು. “ಪುಸ್ತಕಕ್ಕೂ ಕಾಫಿ ವಾಸನೇನಾ!”

“ಹೋಟೆಲ್ ಪುಸ್ತಕ ಅಲ್ವೇನಮ್ಮಾ,” ಎಂದು ಸೂರಪ್ಪ ನಕ್ಕ.

ಆರನೇ ರೂಮಿನ ಸಾಲಿನಲ್ಲಿ ಅವರ ಬೆರಳು ನಿಂತಿತು. ಅಪ್ಪನ ಹೆಸರು. ಸ್ವಂತ ಊರು ಎಂಬಲ್ಲಿ ಅವರ ಹಳ್ಳಿ. ಹೋಗುವ ಊರು ಎಂಬಲ್ಲಿಯೂ ಅದೇ ಹಳ್ಳಿ.

“ನೋಡಿ ಸ್ವಾಮೀ, ಮನೆಗೇ ಹೊರಟಿದ್ರು ನಮ್ಮಪ್ಪ! ದಾರೀಲಿ ಏನೋ ಆಗಿರ್ಬೇಕು.” ಸೆರಗಿನಿಂದ ಕಣ್ಣೊರೆಸಿಕೊಂಡು ಅವನ ಕೈ ಹಿಡಿದರು. “ಅಮ್ಮನ ಫೋಟೋ ಮುಂದೆ ನಿಂತು ಹೇಳ್ಬೇಕು. ಇದು ನಿಜ ತಾನೆ?”

ಸೂರಪ್ಪ ಆ ಸಾಲನ್ನೇ ನೋಡುತ್ತಾ, “ಬರೆದಿದೆಯಲ್ಲಮ್ಮಾ,” ಎಂದ.

ಗೆದ್ದಲು ತಿಂದ ರಿಜಿಸ್ಟರನ್ನು ಹೋದ ತಿಂಗಳು ಹೊಸದಾಗಿ ನಕಲು ಮಾಡಿ, ಹಾಳೆಗಳಿಗೆ ಕಾಫಿ ಡಿಕಾಕ್ಷನ್ ಸವರಿ ಹಳೆಯದಾಗಿಸಿದವನು ಅವನೇ. ಪೂರ್ತಿ ತಿಂದುಹೋಗಿದ್ದ ‘ಹೋಗುವ ಊರು’ ಎಂಬ ಕೊನೆಯ ಕಾಲಮ್ಮನ್ನು, ಯಾರಾದರೂ ಹೋಗುವುದು ತಮ್ಮ ಊರಿಗೇ ತಾನೆ ಎಂದು ತಾನೇ ತುಂಬಿದ್ದ. ಹಾರ್ಮೋನಿಯಂನವರು ಅಲ್ಲಿ ನಿಜವಾಗಿ ಯಾವ ಊರಿನ ಹೆಸರು ಬರೆದಿದ್ದರೋ, ಗೊತ್ತಿಲ್ಲ.